ವಾಕಿಂಗ್ ಬಿಟ್ಟಿಲ್ಲ, ತೂಕ ಇಳಿದಿಲ್ಲ: ಓದುಗರ ಪ್ರಶ್ನೆ, ಆಹಾರ ತಜ್ಞೆಯ ಉತ್ತರ

ತೂಕದ ವಿಚಾರದಲ್ಲಿ ಏನು ಬೇಕಾದರೂ ಕೇಳಿ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವುಗಳ ದೂರು ಒಂದೇ: ದಿನಾ ನಡೆಯುತ್ತೇನೆ, ತೂಕ ಮಾತ್ರ ಕದಲುವುದಿಲ್ಲ. ಹಾಗಾಗಿ ಮೊದಲ ಉತ್ತರ ಸ್ವಲ್ಪ ಉದ್ದವಾಗಿದೆ. ಬೇರೆ ಪ್ರಶ್ನೆ ಕೇಳಿದವರೂ ಅದನ್ನು ಓದಿಕೊಳ್ಳಿ, ನಿಮಗೆ ಬೇಕಾದ ಲೆಕ್ಕ ಅಲ್ಲೇ ಇದೆ.

ಪ್ರಶ್ನೆ: ನನಗೆ 38 ವರ್ಷ. ಎತ್ತರ 155 ಸೆಂ.ಮೀ., ತೂಕ 72 ಕೆ.ಜಿ. ನಾಲ್ಕು ತಿಂಗಳಿಂದ ವಾರಕ್ಕೆ ಆರು ದಿನ ಬೆಳಿಗ್ಗೆ ಒಂದು ಗಂಟೆ ನೆಹರೂ ಕ್ರೀಡಾಂಗಣದಲ್ಲಿ ಗೆಳತಿಯರ ಜೊತೆ ವಾಕಿಂಗ್ ಮಾಡುತ್ತೇನೆ. ಇಳಿದದ್ದು ಒಂದೇ ಕೆ.ಜಿ. ದಿನಾ 300 ಕ್ಯಾಲರಿ ಕರಗಿತು ಅಂತ ಮೊಬೈಲ್ ತೋರಿಸುತ್ತದೆ. ನಾನೇನು ಜಾಸ್ತಿ ತಿನ್ನುವವಳಲ್ಲ ಮೇಡಂ. ದಿನಕ್ಕೆ ನಾಲ್ಕು ಸಲ ಕಾಫಿ, ತಿಂಡಿಗೆ ಮೂರು ಅಕ್ಕಿ ರೊಟ್ಟಿ ಚಟ್ನಿ, ಮಧ್ಯಾಹ್ನ ಅನ್ನ ಸಾರು ಪಲ್ಯ, ಸಂಜೆ ಎರಡು ಕೋಡುಬಳೆ, ರಾತ್ರಿ ಅನ್ನ ಬಿಟ್ಟು ಎರಡೇ ಚಪಾತಿ. ವಾರಕ್ಕೆ ಮೂರು ದಿನ ವಾಕಿಂಗ್ ಮುಗಿಸಿ ಎಲ್ಲರೂ ಹೋಟೆಲಿಗೆ ಹೋಗಿ ಇಡ್ಲಿ-ವಡೆ ತಿನ್ನುತ್ತೇವೆ, ಅಷ್ಟೇ. ವಾಕಿಂಗ್ ನನ್ನ ಮೈಗೆ ಆಗಿ ಬರುವುದಿಲ್ಲವೇ?
ಓದುಗರು, ವಿನೋಬನಗರ, ಶಿವಮೊಗ್ಗ

ಉತ್ತರ: ಆಗಿ ಬಂದಿದೆ, ಖಂಡಿತ ಆಗಿ ಬಂದಿದೆ. ನೀವು ಇಷ್ಟು ವಿವರವಾಗಿ ಬರೆದಿದ್ದರಿಂದ ನನಗೆ ಲೆಕ್ಕ ಹಾಕಲು ಸುಲಭವಾಯಿತು, ಒಂದೊಂದಾಗಿ ನೋಡೋಣ.

ಮೊದಲು ಮೊಬೈಲಿನ 300. ಮಾತಾಡುತ್ತಾ ಹದವಾಗಿ ನಡೆದರೆ ಒಂದು ಗಂಟೆಗೆ ನಾಲ್ಕೂವರೆ ಕಿಲೋಮೀಟರ್ ಆದೀತು. ನಿಮ್ಮ ತೂಕಕ್ಕೆ ಅದು 250 ಕ್ಯಾಲರಿಯ ಕೆಲಸ. ಆದರೆ ಆ ಒಂದು ಗಂಟೆ ನೀವು ಮನೆಯಲ್ಲಿ ಸುಮ್ಮನೆ ಕೂತಿದ್ದರೂ ಉಸಿರಾಟ, ಹೃದಯ ಬಡಿತ, ಮೈ ಬಿಸಿ ಅಂತ 70 ಕ್ಯಾಲರಿ ಖರ್ಚಾಗುತ್ತಿತ್ತು. ಅದನ್ನು ಕಳೆದರೆ ವಾಕಿಂಗಿನಿಂದ ಹೆಚ್ಚುವರಿಯಾಗಿ ಆದ ಖರ್ಚು 180. ತಿಂಗಳಿಗೆ 25 ದಿನ ಹಿಡಿದರೆ 4500. ಒಂದು ಕೆ.ಜಿ. ಕೊಬ್ಬು ಕರಗಬೇಕಾದರೆ ಸುಮಾರು 7700 ಕ್ಯಾಲರಿ ಖರ್ಚಾಗಬೇಕು. ಅಂದರೆ ಊಟ ಒಂದಿಷ್ಟೂ ಬದಲಾಗದಿದ್ದರೆ ತಿಂಗಳಿಗೆ ಅರ್ಧ ಕೆ.ಜಿ.ಗಿಂತ ತುಸು ಹೆಚ್ಚು, ನಾಲ್ಕು ತಿಂಗಳಿಗೆ ಎರಡು ಕೆ.ಜಿ. ಚಿಲ್ಲರೆ ಇಳಿಯಬೇಕಿತ್ತು. ನಿಮ್ಮದು ಒಂದು ಇಳಿದಿದೆ. ಉಳಿದದ್ದು ಎಲ್ಲಿ ಹೋಯಿತು ಅಂತ ನಿಮ್ಮ ಪತ್ರದ ಕೊನೆಯಲ್ಲಿ ನೀವೇ ಬರೆದಿದ್ದೀರಿ. ಎರಡು ಇಡ್ಲಿ 120, ಒಂದು ವಡೆ 140, ಕಾಯಿ ಚಟ್ನಿ ಒಂದು ಬಟ್ಟಲು, ಮೇಲೊಂದು ಕಾಫಿ. ಎಲ್ಲ ಸೇರಿ 400ಕ್ಕೆ ಬರುತ್ತದೆ. ಅದೇ ನಿಮ್ಮ ತಿಂಡಿಯಾದರೆ ನನ್ನ ಆಕ್ಷೇಪವಿಲ್ಲ, ಆರಾಮಾಗಿ ತಿನ್ನಿ. ಆದರೆ ಮನೆಗೆ ಬಂದ ಮೇಲೆ ಕಾವಲಿ ಮೇಲಿನ ರೊಟ್ಟಿ ಕರೆಯುತ್ತದಲ್ಲ, ತೊಂದರೆ ಶುರುವಾಗುವುದು ಅಲ್ಲಿ.

ಇನ್ನು ದಿನದ ಒಟ್ಟು ಅಗತ್ಯ. ನಿಮ್ಮ ವಯಸ್ಸು, ಎತ್ತರ, ತೂಕ ಹಾಕಿ ನೋಡಿದರೆ ನಿಮ್ಮ ದೇಹ ಸುಮ್ಮನೆ ಮಲಗಿದ್ದರೂ 1340 ಕ್ಯಾಲರಿ ಬೇಡುತ್ತದೆ. ಮನೆಗೆಲಸ, ಓಡಾಟ ಸೇರಿಸಿದರೆ 1850ರ ಆಸುಪಾಸು. ನೀವು ಬರೆದ ಊಟ-ತಿಂಡಿಯೂ ಹೆಚ್ಚೂಕಡಿಮೆ ಅಲ್ಲಿಗೇ ಬರುತ್ತದೆ. ಬಂದದ್ದು ಹೋದದ್ದು ಸರಿಸಮ ಆದಾಗ ತೂಕ ನಿಂತಲ್ಲೇ ನಿಲ್ಲುತ್ತದೆ. ನಿಮ್ಮ ಥೈರಾಯ್ಡ್, ನಿಮ್ಮ ಹಣೆಬರಹ ಇವನ್ನೆಲ್ಲ ಬೈಯುವ ಮೊದಲು ಇದನ್ನು ನೋಡಿ. (ಥೈರಾಯ್ಡ್ ಪರೀಕ್ಷೆ ಒಮ್ಮೆ ಮಾಡಿಸಿಕೊಳ್ಳಿ, ಬೇಡ ಅನ್ನುವುದಿಲ್ಲ.)

ನನ್ನ ಹತ್ತಿರ ಬರುವವರಿಗೆ ಒಂದು ಮಾತು ಹೇಳುತ್ತೇನೆ: ಮುಂದಿನ ಸಲ ಬರುವಾಗ ನಿಮ್ಮ ಮನೆಯ ಕಾಫಿ ಲೋಟ, ಸಕ್ಕರೆ ಡಬ್ಬಿಯೊಳಗೆ ಇರುವ ಚಮಚ ಎರಡನ್ನೂ ತನ್ನಿ. ತಂದದ್ದನ್ನು ತಕ್ಕಡಿ ಮೇಲೆ ಇಟ್ಟು ತೋರಿಸುತ್ತೇನೆ. ಒಂದು ಟೀ ಚಮಚ ಸಕ್ಕರೆ ಮಟ್ಟಸವಾಗಿ ಇದ್ದರೆ ನಾಲ್ಕೈದು ಗ್ರಾಂ. ಗೋಪುರದಂತೆ ತುಂಬಿದರೆ ಏಳೆಂಟು. ಎಷ್ಟೋ ಮನೆಗಳ ಡಬ್ಬಿಯಲ್ಲಿ ಇರುವುದು ಟೀ ಚಮಚವೇ ಅಲ್ಲ, ಊಟದ ಚಮಚ. "ಎರಡೇ ಚಮಚ ಮೇಡಂ" ಅನ್ನುವವರು ಹಾಕುತ್ತಿರುವುದು ಇಪ್ಪತ್ತು ಗ್ರಾಂ. ನಿಮ್ಮದು ಅಷ್ಟಿರಲಿಕ್ಕಿಲ್ಲ, ಹತ್ತು ಗ್ರಾಂ ಅಂತಲೇ ಇಟ್ಟುಕೊಳ್ಳೋಣ. ಸಕ್ಕರೆ 40 ಕ್ಯಾಲರಿ, ನೂರು ಮಿ.ಲೀ. ಹಾಲಿಗೆ 60, ಒಂದು ಲೋಟ ಕಾಫಿಗೆ ನೂರು. ನಾಲ್ಕು ಲೋಟಕ್ಕೆ ನಾನೂರು. ನಾಲ್ಕನ್ನು ಎರಡು ಮಾಡಿ, ಸಕ್ಕರೆ ಅರ್ಧ ಮಾಡಿ. ಅಷ್ಟಕ್ಕೇ 240 ಉಳಿಯಿತು. ನೀವು ಒಂದು ಗಂಟೆ ನಡೆದು ಗಳಿಸಿದ್ದಕ್ಕಿಂತ ಇದು ಜಾಸ್ತಿ.

ಅಕ್ಕಿ ರೊಟ್ಟಿ ವಿಷಯಕ್ಕೆ ಬರುತ್ತೇನೆ. ನಮ್ಮ ಹೊಸನಗರದ ಕಡೆ ಹಿಟ್ಟು ಬೇಯಿಸಿ, ನಾದಿ, ಲಟ್ಟಿಸಿ, ಕೆಂಡದ ಮೇಲೆ ಉಬ್ಬಿಸುತ್ತಾರಲ್ಲ, ಆ ರೊಟ್ಟಿಗೆ ಎಣ್ಣೆ ಬೇಡ. ಐವತ್ತು ಗ್ರಾಂ ಹಿಟ್ಟಿನ ಒಂದು ರೊಟ್ಟಿ 175 ಕ್ಯಾಲರಿ. ಪೇಟೆಗೆ ಬಂದ ಮೇಲೆ ಕಾವಲಿಗೆ ತಟ್ಟಿ ಸುತ್ತ ಎಣ್ಣೆ ಬಿಡುವ ರೂಢಿ ಆಗಿದೆ. ಎರಡು ಟೀ ಚಮಚ ಎಣ್ಣೆ ಬಿದ್ದರೆ ಇನ್ನೊಂದು 80 ಸೇರಿತು. ರೊಟ್ಟಿ ಬಿಡಬೇಡಿ. ಮೂರರ ಜಾಗದಲ್ಲಿ ಎರಡು ತಿಂದು, ಮೂರನೆಯದರ ಬದಲು ಒಂದು ಬಟ್ಟಲು ಮೊಳಕೆ ಹೆಸರುಕಾಳು ಉಸಲಿ ಮಾಡಿಕೊಳ್ಳಿ. ಹೊಟ್ಟೆ ಹನ್ನೆರಡರವರೆಗೂ ತಡೆಯುತ್ತದೆ. ಸಂಜೆಯ ಕೋಡುಬಳೆಗೆ ರಜೆ ಕೊಟ್ಟು ಒಂದು ಪೇರಳೆ ಹಣ್ಣು, ಒಂದು ಲೋಟ ಮಜ್ಜಿಗೆ. ಕಾಫಿ, ರೊಟ್ಟಿ, ಕೋಡುಬಳೆ ಈ ಮೂರರಿಂದಲೇ ದಿನಕ್ಕೆ 400 ಕ್ಯಾಲರಿ ಕಡಿಮೆಯಾಗುತ್ತದೆ. ಊಟದ ಅನ್ನಕ್ಕೆ ನಾನು ಕೈ ಹಾಕಿಲ್ಲ, ಗಮನಿಸಿ.

ರಾತ್ರಿ ಚಪಾತಿ ತಿಂದರೆ ತೂಕ ಇಳಿಯುತ್ತದೆ ಅನ್ನುವುದು ನಮ್ಮ ಊರಿನಲ್ಲಿ ಬೇರೂರಿದ ನಂಬಿಕೆ. ಎಣ್ಣೆ ಹಚ್ಚಿದ ಎರಡು ಚಪಾತಿ 280 ಕ್ಯಾಲರಿ. ಅದೇ 280ಕ್ಕೆ ಇನ್ನೂರು ಗ್ರಾಂ ಅನ್ನ ಬರುತ್ತದೆ. ಚಪಾತಿ ಇಷ್ಟವಿದ್ದರೆ ತಿನ್ನಿ, ಗೋಧಿ ಹಿಟ್ಟಿನಲ್ಲಿ ನಾರು, ಪ್ರೋಟೀನು ಜಾಸ್ತಿ ಇದೆ. ಇಷ್ಟವಿಲ್ಲದೆ ಶಿಕ್ಷೆಯಂತೆ ನುಂಗಬೇಡಿ. ಅನ್ನ, ಸೊಪ್ಪಿನ ಸಾರು ಉಂಡು ಏಳಿ.

ಎಣ್ಣೆಗೆ ಒಂದು ಸುಲಭ ಪರೀಕ್ಷೆ ಹೇಳುತ್ತೇನೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ ಒಬ್ಬರಿಗೆ ದಿನಕ್ಕೆ 20ರಿಂದ 30 ಗ್ರಾಂ ಎಣ್ಣೆ ಸಾಕು ಎನ್ನುತ್ತದೆ. ನಾಲ್ಕು ಜನರ ಮನೆಗೆ ತಿಂಗಳಿಗೆ ಮೂರು ಕೆ.ಜಿ., ಲೀಟರಿನಲ್ಲಿ ಮೂರೂಕಾಲು. ಹೊಸ ಪ್ಯಾಕೆಟ್ ಒಡೆದಾಗಲೆಲ್ಲ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕಿ. ತಿಂಗಳ ಕೊನೆಗೆ ಗುರುತು ಎಣಿಸಿ. ಆರು ಗುರುತು ಇದ್ದರೆ ಪಲ್ಯದ ಒಗ್ಗರಣೆಯಿಂದ ಹಿಡಿದು ಎಲ್ಲವನ್ನೂ ಮತ್ತೆ ನೋಡಬೇಕು. ತೆಂಗಿನಕಾಯಿಯನ್ನೂ ಮರೆಯಬೇಡಿ. ಒಂದು ಹಿಡಿ ಹಸಿ ತುರಿ ನೂರು ಕ್ಯಾಲರಿ ದಾಟುತ್ತದೆ. ಮಲೆನಾಡಿನವರಿಗೆ ಕಾಯಿ ಬಿಡಿ ಅನ್ನಲು ನನಗೆ ಬಾಯಿ ಬರುವುದಿಲ್ಲ, ಆದರೆ ಚಟ್ನಿ, ಪಲ್ಯ, ಹುಳಿ ಮೂರಕ್ಕೂ ಒಂದೇ ದಿನ ಕಾಯಿ ಬೀಳುವುದು ಬೇಡ.

ಹಾಗಾದರೆ ವಾಕಿಂಗ್ ಯಾಕೆ ಅಂತ ಕೇಳುತ್ತೀರಿ. ತೂಕ ಇಳಿಸುವ ದೊಡ್ಡ ಪಾಲು ತಟ್ಟೆಯದು, ನಿಜ. ಆದರೆ ಊಟ ಮಾತ್ರ ಕಡಿಮೆ ಮಾಡಿ ಕೂತರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಮಾಂಸಖಂಡ ಕರಗಿದವರ ತೂಕ ಬಂದ ದಾರಿಯಲ್ಲೇ ವಾಪಸು ಬರುತ್ತದೆ. ಇಳಿದದ್ದು ಇಳಿದಲ್ಲೇ ನಿಲ್ಲಬೇಕಾದರೆ ನಡಿಗೆ ಬೇಕು, ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಭಾರದ ಕೆಲಸ ಬೇಕು, ತಟ್ಟೆಯಲ್ಲಿ ಪ್ರೋಟೀನು ಬೇಕು. ನಿಮಗೆ ದಿನಕ್ಕೆ 60 ಗ್ರಾಂ ಪ್ರೋಟೀನು ಗುರಿ ಇರಲಿ. ಒಂದು ಬಟ್ಟಲು ಬೆಂದ ಕಾಳಿನಲ್ಲಿ ಏಳೆಂಟು ಗ್ರಾಂ, ಒಂದು ಮೊಟ್ಟೆಯಲ್ಲಿ ಆರು, ಒಂದು ಬಟ್ಟಲು ಮೊಸರಿನಲ್ಲಿ ಐದು. ಮೀನು ತಿನ್ನುವವರಾದರೆ ಕರಾವಳಿಯಿಂದ ಬರುವ ಬಂಗುಡೆ ನೂರು ಗ್ರಾಂನಲ್ಲಿ ಸುಮಾರು ಇಪ್ಪತ್ತು ಗ್ರಾಂ ಇದೆ. ಸಾರು ಮಾಡಿ, ಹುರಿಯಬೇಡಿ.

ತೂಕ ನೋಡುವುದು ವಾರಕ್ಕೊಮ್ಮೆ ಸಾಕು. ಅದೇ ತಕ್ಕಡಿ, ಅದೇ ದಿನ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ. ಮುಟ್ಟಿನ ಹಿಂದಿನ ದಿನಗಳಲ್ಲಿ ಮೈಯಲ್ಲಿ ನೀರು ನಿಂತು ಒಂದು ಕೆ.ಜಿ. ಏರಿದಂತೆ ಕಂಡರೆ ಹೆದರಬೇಡಿ. ಮೊದಲ ಗುರಿ 72ರಿಂದ 68. ಐದು ಪರ್ಸೆಂಟ್ ಇಳಿದರೂ ಬಿ.ಪಿ., ಶುಗರ್ ಎರಡಕ್ಕೂ ಗುಣ ಕಾಣುತ್ತದೆ. ತಿಂಗಳಿಗೆ ಒಂದೂವರೆ ಕೆ.ಜಿ. ಇಳಿದರೆ ಅದು ಒಳ್ಳೆಯ ವೇಗ. ಮೈ ಹಗುರಾದಂತೆ ಅದರ ಖರ್ಚೂ ಇಳಿಯುವುದರಿಂದ ನಾಲ್ಕೈದು ತಿಂಗಳ ನಂತರ ವೇಗ ತಗ್ಗುತ್ತದೆ. ಆಗ ಕೈ ಚೆಲ್ಲದೆ ನನಗೆ ಇನ್ನೊಂದು ಪತ್ರ ಬರೆಯಿರಿ.

ಪ್ರಶ್ನೆ: ಉಪ್ಪಾಗೆ ಸಿಪ್ಪೆಯಿಂದ ಮಾಡಿದ ಮಾತ್ರೆ ತಿಂದರೆ ಕೊಬ್ಬು ಕರಗುತ್ತದೆ, ವ್ಯಾಯಾಮ ಬೇಡ ಅಂತ ಪರಿಚಯದವರೊಬ್ಬರು ಮಾರುತ್ತಿದ್ದಾರೆ. ನಮ್ಮ ಕಾಡಿನದೇ ಕಾಯಿ ಅಲ್ಲವೇ, ತಿನ್ನಬಹುದಾ?
ಓದುಗರು, ಸಾಗರ

ಉತ್ತರ: ಬೇಡ. ಉಪ್ಪಾಗೆ ನಮ್ಮದೇ, ಅದರ ಬೀಜದ ತುಪ್ಪದಲ್ಲಿ ದೋಸೆ ಹೊಯ್ದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅದರ ಸಿಪ್ಪೆಯಲ್ಲಿ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲ ಇದೆ, ಅದನ್ನೇ ತೆಗೆದು ಗಾರ್ಸೀನಿಯಾ ಅನ್ನುವ ಹೆಸರಿನಲ್ಲಿ ಮಾತ್ರೆ ಮಾಡಿ ಪ್ರಪಂಚದ ತುಂಬ ಮಾರುತ್ತಾರೆ. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಇದರ ಪರೀಕ್ಷೆ ಪ್ರಕಟವಾಯಿತು. ದಪ್ಪಗಿದ್ದ 135 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಈ ಆಮ್ಲ ದಿನಕ್ಕೆ 1500 ಮಿಲಿಗ್ರಾಂ, ಇನ್ನೊಂದಕ್ಕೆ ಔಷಧವಿಲ್ಲದ ಹುಸಿ ಮಾತ್ರೆ ಕೊಟ್ಟರು. ಇಬ್ಬರಿಗೂ ಕಡಿಮೆ ಕ್ಯಾಲರಿಯ ಊಟ. ಹನ್ನೆರಡು ವಾರದ ಕೊನೆಗೆ ಆಮ್ಲ ತಿಂದವರು ಸರಾಸರಿ 3.2 ಕೆ.ಜಿ., ಹುಸಿ ಮಾತ್ರೆಯವರು 4.1 ಕೆ.ಜಿ. ಇಳಿದಿದ್ದರು. ಮಾತ್ರೆಯಿಂದ ಏನೂ ಹೆಚ್ಚುವರಿ ಆಗಲಿಲ್ಲ, ಇಳಿಸಿದ್ದು ಊಟ. ಇಂಥ ಮಾತ್ರೆ ತಿಂದು ಯಕೃತ್ತಿಗೆ ಪೆಟ್ಟಾದ ಪ್ರಕರಣಗಳೂ ವೈದ್ಯರ ದಾಖಲೆಯಲ್ಲಿವೆ. ಉಪ್ಪಾಗೆಯನ್ನು ಹುಳಿಗೆ ಹಾಕಿ. ಆ ದುಡ್ಡಿನಲ್ಲಿ ಒಂದು ಅಡುಗೆ ತಕ್ಕಡಿ ಕೊಳ್ಳಿ.

ಜೇನು-ನಿಂಬೆ ಬಿಸಿನೀರಿನ ಬಗ್ಗೆ ಕೇಳಿದ ಐದಾರು ಮಂದಿಗೂ ಇದೇ ಉತ್ತರ. ಅದು ಕೊಬ್ಬು ಕರಗಿಸುವುದಿಲ್ಲ. ಒಂದು ಊಟದ ಚಮಚ ಜೇನಿನಲ್ಲಿ 60 ಕ್ಯಾಲರಿ ಇದೆ.

ಪ್ರಶ್ನೆ: ನನಗೆ 52. ಐದು ಎಕರೆ ಅಡಿಕೆ ತೋಟ. ಬೆಳಗಿನಿಂದ ಸಂಜೆವರೆಗೆ ತೋಟದಲ್ಲೇ ಇರುತ್ತೇನೆ, ಆದರೂ ಹೊಟ್ಟೆ ಬಂದಿದೆ. ಶುಗರ್ ಬಾರ್ಡರಿನಲ್ಲಿದೆ ಅಂದರು ಡಾಕ್ಟರು. ವಾಕಿಂಗ್ ಮಾಡಿ ಅಂತಾರೆ. ಕೃಷಿಕನಿಗೆ ಬೇರೆ ವ್ಯಾಯಾಮ ಯಾಕಮ್ಮ? ನಮ್ಮ ಅಪ್ಪಯ್ಯ ಇದೇ ತೋಟ ಮಾಡಿ, ಇದೇ ಊಟ ಉಂಡು ಎಂಬತ್ತರವರೆಗೂ ಕಡ್ಡಿಯಂತಿದ್ದರು.
ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಅಪ್ಪಯ್ಯನವರ ದಿನ ಹೇಗಿತ್ತು ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. ಸೊಪ್ಪಿನ ಬೆಟ್ಟದಿಂದ ಸೊಪ್ಪು ಹೊತ್ತು ತರುವುದು, ಕೊಟ್ಟಿಗೆಯ ಗೊಬ್ಬರ ಬುಟ್ಟಿಯಲ್ಲಿ ಹೊತ್ತು ಮರದ ಬುಡಕ್ಕೆ ಹಾಕುವುದು, ಕಪ್ಪು (ತೋಟದ ಬಸಿಗಾಲುವೆ) ಬಗೆಯುವುದು, ಪೇಟೆಗೆ ನಡೆದು ಹೋಗುವುದು. ಈಗ ತೋಟದ ತಲೆಯವರೆಗೆ ಬೈಕು ಹೋಗುತ್ತದೆ. ಕಳೆ ತೆಗೆಯಲು ಮೆಷಿನ್, ಸುಲಿಯಲು ಮೆಷಿನ್, ಕೊನೆ ಇಳಿಸಲು ಫೈಬರ್ ದೋಟಿ, ಅದನ್ನು ಹಿಡಿಯಲೂ ಆಳು. ನೀವು ತೋಟದಲ್ಲಿ ಇರುತ್ತೀರಿ, ಒಪ್ಪಿದೆ. ಇರುವುದಕ್ಕೂ ದುಡಿಯುವುದಕ್ಕೂ ಎಷ್ಟು ವ್ಯತ್ಯಾಸ ಗೊತ್ತೇ? ನಮ್ಮ ದೇಶದ ಪೌಷ್ಟಿಕತಾ ಲೆಕ್ಕದಲ್ಲಿ 65 ಕೆ.ಜಿ. ತೂಕದ ಗಂಡಸಿಗೆ, ಕೂತು ಮಾಡುವ ಕೆಲಸವಾದರೆ ದಿನಕ್ಕೆ 2110 ಕ್ಯಾಲರಿ, ಮಧ್ಯಮ ಶ್ರಮದ ಕೆಲಸವಾದರೆ 2710. ಆರುನೂರರ ಅಂತರ. ಅಪ್ಪಯ್ಯನ ಊಟ ನಿಮ್ಮ ತಟ್ಟೆಗೆ ಬಂತು, ಅಪ್ಪಯ್ಯನ ಕೆಲಸ ಮೆಷಿನ್ನಿಗೆ ಹೋಯಿತು.

ಮೆಷಿನ್ ಬಿಡಿ ಅನ್ನುವುದಿಲ್ಲ. ಆಳು ಸಿಗದ ಕಾಲದಲ್ಲಿ ಅದು ನಿಮ್ಮ ತೋಟ ಉಳಿಸಿದೆ.

ಮೊದಲು ಟೇಪು ತೆಗೆದುಕೊಂಡು ಸೊಂಟದ ಸುತ್ತಳತೆ ನೋಡಿ. ಪ್ಯಾಂಟಿನ ನಂಬರು ಲೆಕ್ಕಕ್ಕಿಲ್ಲ, ಪ್ಯಾಂಟು ಹೊಟ್ಟೆಯ ಕೆಳಗೆ ನಿಂತಿರುತ್ತದೆ. ಕೊನೆಯ ಪಕ್ಕೆಲುಬು ಎಲ್ಲಿ ಮುಗಿಯುತ್ತದೆ ಬೆರಳಿನಿಂದ ಒತ್ತಿ ನೋಡಿ, ಸೊಂಟದ ಮೂಳೆಯ ಮೇಲಂಚು ನೋಡಿ, ಎರಡರ ನಡುಮಧ್ಯಕ್ಕೆ ಟೇಪು ಸುತ್ತಿ. ಉಸಿರು ಸಹಜವಾಗಿ ಹೊರಗೆ ಬಿಟ್ಟು ಅಳತೆ ಓದಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ. ಭಾರತೀಯ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಎಚ್ಚರಿಕೆ. ನಮ್ಮ ಜನರಿಗೆ ಕೊಬ್ಬು ಕೈಕಾಲಿಗಿಂತ ಹೊಟ್ಟೆಯ ಒಳಗೆ ಸೇರುವುದು ಹೆಚ್ಚು, ಶುಗರಿಗೆ ಮೂಲ ಅಲ್ಲಿದೆ. ಆದ್ದರಿಂದಲೇ ಬಿ.ಎಂ.ಐ. (ಎತ್ತರಕ್ಕೆ ತಕ್ಕ ತೂಕದ ಅಳತೆ) 23 ದಾಟಿದರೆ ನಮ್ಮಲ್ಲಿ ಹೆಚ್ಚು ತೂಕ ಅನ್ನುತ್ತೇವೆ, ಪಾಶ್ಚಾತ್ಯರಿಗೆ ಅದು 25.

ಬಾರ್ಡರಿನಲ್ಲಿ ಇರುವವರಿಗೆ ಬಹಳ ಭರವಸೆಯ ಸುದ್ದಿ ಇದೆ. ಅಮೆರಿಕದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೆ 150 ನಿಮಿಷ ವ್ಯಾಯಾಮ, ಶೇ 7ರಷ್ಟು ತೂಕ ಇಳಿಕೆ ಎಂಬ ಗುರಿ ಇಟ್ಟುಕೊಂಡ ಗುಂಪಿನಲ್ಲಿ ಸಕ್ಕರೆ ಕಾಯಿಲೆ ಬರುವ ಪ್ರಮಾಣ ಶೇ 58ರಷ್ಟು ತಗ್ಗಿತು. 2006ರಲ್ಲಿ ಪ್ರಕಟವಾದ ನಮ್ಮ ದೇಶದ ಅಧ್ಯಯನದಲ್ಲೂ ಊಟ-ವ್ಯಾಯಾಮದ ಗುಂಪಿನಲ್ಲಿ ಶೇ 28ರಷ್ಟು ಇಳಿಕೆ ಕಂಡಿತು. ನಿಮ್ಮ ಡಾಕ್ಟರು ಸರಿಯಾಗಿಯೇ ಹೇಳಿದ್ದಾರೆ, ಅವರ ಮಾತು ಕೇಳಿ.

ತೋಟಕ್ಕೆ ಬೈಕು ಬಿಟ್ಟು ನಡೆದು ಹೋಗಿ. ತೋಟ ತಗ್ಗಿನಲ್ಲಿ, ಮನೆ ದಿಬ್ಬದಲ್ಲಿ ಇರುವ ನಮ್ಮ ಊರುಗಳಲ್ಲಿ ವಾಪಸು ಹತ್ತುವ ದಾರಿಯೇ ಅರ್ಧ ವ್ಯಾಯಾಮ. ಮಾತಾಡಲು ಬರಬೇಕು, ಹಾಡಲು ಬರಬಾರದು, ಅಷ್ಟು ಏದುಸಿರು ಇರಲಿ. ಕೊನೆ ಕೊಯ್ಲಿನ ಕಾಲದಲ್ಲಿ ಬುಟ್ಟಿ ಎತ್ತುವ ಕೆಲಸದಲ್ಲಿ ಒಂದಿಷ್ಟು ನೀವೂ ಮಾಡಿ, ಮಂಡಿ ಮಡಚಿ ಎತ್ತಿ, ಸೊಂಟ ಬಗ್ಗಿಸಿ ಬೇಡ.

ಇನ್ನು ಊಟದ ಮನೆಗಳು. ನೀವು ಬರೆದಿಲ್ಲ, ಆದರೆ ನನಗೆ ಗೊತ್ತು. ಅಡಿಕೆ ಮಾರಿದ ಮೇಲೆ ಮದುವೆ, ಗೃಹಪ್ರವೇಶ, ಸತ್ಯನಾರಾಯಣ ಪೂಜೆ, ವಾರಕ್ಕೆ ಎರಡಾದರೂ ಕರೆ ಇರುತ್ತದೆ. ಹೋಗಬೇಡಿ ಅಂದರೆ ನಮ್ಮ ಕಡೆ ನಡೆಯುವ ಮಾತಲ್ಲ. ಕೋಸಂಬರಿ, ಪಲ್ಯ ಎರಡು ಸಲ ಹಾಕಿಸಿಕೊಂಡು ಮೊದಲು ಅದನ್ನು ಮುಗಿಸಿ. ಅನ್ನ ಸಾರಿಗೊಂದು ಸಲ, ಹುಳಿಗೊಂದು ಸಲ, ಮಜ್ಜಿಗೆಗೊಂದು ತುತ್ತು. ತುಪ್ಪ ಸುರಿದ ಒಂದು ಹೋಳಿಗೆ 300ರ ಹತ್ತಿರ ಬರುತ್ತದೆ, ಒಂದು ತಿನ್ನಿ, ಸುಖವಾಗಿ ತಿನ್ನಿ. ಎರಡನೆಯದಕ್ಕೆ ಎಲೆಯ ಮೇಲೆ ಕೈ ಅಡ್ಡ ಇಡಿ. ಅವತ್ತು ರಾತ್ರಿ ಮಜ್ಜಿಗೆ, ಒಂದು ಹಣ್ಣು ಸಾಕು.

ಪ್ರಶ್ನೆ: ಆಗುಂಬೆ ಹತ್ತಿರದ ಶಾಲೆಯಲ್ಲಿ ಶಿಕ್ಷಕಿ. ಬೇಸಿಗೆಯಲ್ಲಿ ನಡೆದು ಮೂರು ಕೆ.ಜಿ. ಇಳಿಸುತ್ತೇನೆ, ಮಳೆಗಾಲದಲ್ಲಿ ಅಷ್ಟೂ ವಾಪಸು ಬರುತ್ತದೆ. ಹೊರಗೆ ಕಾಲಿಟ್ಟರೆ ಮಳೆ, ಇಂಬಳ. ಒಳಗೆ ಕೂತರೆ ಹಪ್ಪಳ. ಏನು ಮಾಡಲಿ?
ಓದುಗರು, ಆಗುಂಬೆ

ಉತ್ತರ: ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಕೂತು ಕೇಳಿದ್ದೀರಿ, ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ಒಂದು ಗಂಟೆ ಒಟ್ಟಿಗೇ ನಡೆಯಬೇಕು ಅನ್ನುವ ಹಟ ಬಿಡಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ತನ್ನ ಸಲಹೆ ಬದಲಿಸಿತು. ಮೊದಲು ಒಮ್ಮೆಗೆ ಹತ್ತು ನಿಮಿಷವಾದರೂ ಇರಬೇಕು ಅನ್ನುತ್ತಿದ್ದರು, ಈಗ ಎಷ್ಟು ಹೊತ್ತು ಮಾಡಿದರೂ ಲೆಕ್ಕಕ್ಕೆ ಸಿಗುತ್ತದೆ. ವಾರದ ಒಟ್ಟು 150ರಿಂದ 300 ನಿಮಿಷ ಆದರೆ ಆಯಿತು.

ಮಳೆಗಾಲವನ್ನು ನೀವು ಭಾರದ ವ್ಯಾಯಾಮಕ್ಕೆ ಇಟ್ಟುಕೊಳ್ಳಿ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು ಹತ್ತು ಸಲ. ಗೋಡೆಗೆ ಕೈಯೂರಿ ದಂಡ ಹತ್ತು ಸಲ. ಎರಡೂ ಕೈಯಲ್ಲಿ ಐದೈದು ಲೀಟರ್ ನೀರಿನ ಕ್ಯಾನು ಹಿಡಿದು ಜಗಲಿಯ ಈ ತುದಿಯಿಂದ ಆ ತುದಿಗೆ ನಡಿಗೆ. ಉಪ್ಪರಿಗೆಯ ಮೆಟ್ಟಿಲು ಇದ್ದರೆ ಹತ್ತಿ ಇಳಿಯಿರಿ, ಮಂಡಿನೋವು ಇದ್ದರೆ ಮೆಟ್ಟಿಲು ಬೇಡ. ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ಒಂದು ಸುತ್ತು, ಸಂಜೆ ಒಂದು ಸುತ್ತು. ಸೂರ್ಯನಮಸ್ಕಾರ ಗೊತ್ತಿದ್ದರೆ ಇನ್ನೂ ಒಳ್ಳೆಯದು. ಶಾಲೆಯಲ್ಲಿ ಮಕ್ಕಳಿಗೂ ಮಳೆಗಾಲದಲ್ಲಿ ಆಟವಿಲ್ಲ, ಕೊಠಡಿಯೊಳಗೆ ಹತ್ತು ನಿಮಿಷ ಅವರ ಜೊತೆ ನೀವೂ ಕುಣಿಯಿರಿ.

ಹಪ್ಪಳ ಕೆಂಡದ ಮೇಲೆ ಸುಟ್ಟು ತಿನ್ನಿ, ಕರಿದರೆ ಅದರ ಕ್ಯಾಲರಿ ಹೆಚ್ಚೂಕಡಿಮೆ ದುಪ್ಪಟ್ಟು. ಹಲಸಿನಕಾಯಿ ಚಿಪ್ಸ್ ಡಬ್ಬಿ ಪಕ್ಕದಲ್ಲಿಟ್ಟುಕೊಂಡು ಟಿ.ವಿ. ಮುಂದೆ ಕೂರುವುದು ಮಾತ್ರ ಬೇಡ. ನೂರು ಗ್ರಾಂ ಖಾಲಿಯಾದದ್ದು ಗೊತ್ತೇ ಆಗುವುದಿಲ್ಲ, 500 ಕ್ಯಾಲರಿ ದಾಟಿರುತ್ತದೆ. ಬೇಕಾದಷ್ಟನ್ನು ಸಣ್ಣ ಬಟ್ಟಲಿಗೆ ಹಾಕಿಕೊಂಡು ಡಬ್ಬಿ ಮುಚ್ಚಿ ಒಳಗಿಡಿ. ಮಳೆಗಾಲ ನಮಗೆ ಕೊಡುವುದನ್ನು ನೋಡಿ: ಕಳಲೆ, ಕೆಸುವಿನ ಸೊಪ್ಪು, ಒಂದೆಲಗ, ಚಗಟೆ ಸೊಪ್ಪು. ಒಂದು ದೊಡ್ಡ ಬಟ್ಟಲು ಪಲ್ಯ ತಿಂದರೂ ಕ್ಯಾಲರಿ ಏರುವುದಿಲ್ಲ, ಹೊಟ್ಟೆ ತುಂಬುತ್ತದೆ. ಚಳಿಗೆ ಹುರುಳಿ ಕಟ್ಟಿನ ಸಾರು ಮಾಡಿ, ಬೆಂದ ಕಾಳನ್ನು ಚೆಲ್ಲದೆ ಉಸಲಿ ಮಾಡಿ. ನೂರು ಗ್ರಾಂ ಒಣ ಹುರುಳಿಯಲ್ಲಿ 22 ಗ್ರಾಂ ಪ್ರೋಟೀನು ಇದೆ. ಒಂದೆಲಗದ ತಂಬುಳಿಗೆ ಕಾಯಿ ಎರಡು ಚಮಚ ಸಾಕು, ಮಜ್ಜಿಗೆ ಧಾರಾಳ ಇರಲಿ.

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದೇನೆ. ವಯಸ್ಸು 20, ಎತ್ತರ 160 ಸೆಂ.ಮೀ., ತೂಕ 56. ಐವತ್ತಕ್ಕೆ ಇಳಿಸಬೇಕು. ಬೆಳಿಗ್ಗೆ ಓಟ್ಸ್, ಮಧ್ಯಾಹ್ನ ಒಂದು ಚಪಾತಿ, ರಾತ್ರಿ ಸೌತೆಕಾಯಿ ಮಾತ್ರ. ಸಂಜೆ ಎರಡು ಗಂಟೆ ಜಿಮ್. ಮೂರು ತಿಂಗಳಿಂದ ಪೀರಿಯಡ್ಸ್ ಆಗಿಲ್ಲ, ಕೂದಲು ಉದುರುತ್ತಿದೆ. ಇನ್ನೂ ಏನು ಕಡಿಮೆ ಮಾಡಲಿ?
ಓದುಗಳು

ಉತ್ತರ: ಮಗಳೇ, ಏನೂ ಕಡಿಮೆ ಮಾಡಬೇಡ. ನಿನ್ನ ಎತ್ತರಕ್ಕೆ 56 ಕೆ.ಜಿ. ಸರಿಯಾದ ತೂಕ, ಬಿ.ಎಂ.ಐ. 22ರ ಹತ್ತಿರ. ಇಳಿಸಬೇಕಾದದ್ದು ಏನೂ ಇಲ್ಲ.

ನೀನು ಬರೆದ ಊಟ ದಿನಕ್ಕೆ ಐನೂರು ಆರುನೂರು ಕ್ಯಾಲರಿಯೂ ಆಗುವುದು ಕಷ್ಟ. ಕೂತು ಕೆಲಸ ಮಾಡುವ, ನಿನ್ನಷ್ಟೇ ತೂಕದ ಹೆಂಗಸಿಗೇ 1660 ಬೇಕು. ನೀನು ಅದರ ಮೇಲೆ ಎರಡು ಗಂಟೆ ಜಿಮ್ ಮಾಡುತ್ತಿದ್ದೀಯ. ಖರ್ಚಿಗೆ ಏನೂ ಸಿಗದಾಗ ದೇಹ ಮೊದಲು ನಿಲ್ಲಿಸುವುದು ಮುಟ್ಟನ್ನು. ಮುಟ್ಟು ನಿಂತರೆ ಈಸ್ಟ್ರೋಜನ್ ಎಂಬ ಹಾರ್ಮೋನು ಇಳಿಯುತ್ತದೆ, ಈಸ್ಟ್ರೋಜನ್ ಇಳಿದರೆ ಮೂಳೆ ಸವೆಯುತ್ತದೆ. ಮೂಳೆಗೆ ಸುಣ್ಣ ತುಂಬಿಕೊಳ್ಳುವ ವಯಸ್ಸು ನಿನ್ನದು, ಮೂವತ್ತರ ನಂತರ ತುಂಬಿಸಲು ಆಗುವುದಿಲ್ಲ. ಇದು ಕಾಯಲು ಬಿಡುವ ವಿಷಯವಲ್ಲ.

ಈ ವಾರವೇ ಸ್ತ್ರೀರೋಗ ವೈದ್ಯರನ್ನು ನೋಡು. ಮೂರು ತಿಂಗಳಿಂದ ಮುಟ್ಟಾಗಿಲ್ಲ ಅಂತ ನೇರವಾಗಿ ಹೇಳು, ಏನು ತಿನ್ನುತ್ತೀಯ ಅನ್ನುವುದನ್ನೂ ಮುಚ್ಚಿಡಬೇಡ. ರಕ್ತದಲ್ಲಿ ಹಿಮೋಗ್ಲೋಬಿನ್, ಥೈರಾಯ್ಡ್, ಬೇರೆ ಹಾರ್ಮೋನುಗಳನ್ನು ಅವರು ನೋಡುತ್ತಾರೆ. ಅಲ್ಲಿಯವರೆಗೆ ಜಿಮ್ ನಿಲ್ಲಿಸಿ ಹಾಸ್ಟೆಲಿನ ಮೂರು ಹೊತ್ತಿನ ಊಟ ಉಣ್ಣು. ರಾತ್ರಿ ಅನ್ನ, ಸಾಂಬಾರು, ಒಂದು ಮೊಟ್ಟೆ ಅಥವಾ ಒಂದು ಲೋಟ ಹಾಲು ಇರಲಿ. ಅಮ್ಮನಿಗೆ ಹೇಳು. ತಟ್ಟೆಯ ಮುಂದೆ ಕೂತಾಗ ಹೆದರಿಕೆ ಆಗುತ್ತಿದ್ದರೆ, ತಿಂದ ಮೇಲೆ ತಪ್ಪು ಮಾಡಿದಂತೆ ಅನ್ನಿಸುತ್ತಿದ್ದರೆ ಅದೂ ಒಂದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ವೈದ್ಯರನ್ನು ನೋಡಿದ ಮೇಲೆ ನನಗೆ ತಪ್ಪದೆ ಬರೆ, ಕಾಯುತ್ತಿರುತ್ತೇನೆ.

ಪ್ರಶ್ನೆ: ನಮ್ಮ ಯಜಮಾನರಿಗೆ 61, ಶುಗರ್ ಮಾತ್ರೆ ತೆಗೆದುಕೊಳ್ಳುತ್ತಾರೆ. ತೂಕ ಇಳಿಸಲು ಅಂತ ಬೆಳಿಗ್ಗೆ ಮಾತ್ರೆ ನುಂಗಿ ಖಾಲಿ ಹೊಟ್ಟೆಯಲ್ಲಿ ಒಂದು ಗಂಟೆ ನಡೆಯುತ್ತಾರೆ. ಮೊನ್ನೆ ಮೈ ಬೆವತು, ಕೈ ನಡುಗಿ, ಭದ್ರಾ ನಾಲೆಯ ಏರಿಯ ಮೇಲೆ ಕೂತುಬಿಟ್ಟರಂತೆ.
ಓದುಗರು, ಭದ್ರಾವತಿ

ಉತ್ತರ: ಶುಗರ್ ಇಳಿದಿರುವ ಲಕ್ಷಣ. ಗ್ಲಿಮೆಪಿರೈಡ್ ಜಾತಿಯ ಮಾತ್ರೆಗಳು ಹೊಟ್ಟೆಯಲ್ಲಿ ಊಟ ಇಲ್ಲದಿದ್ದರೂ ಇನ್ಸುಲಿನ್ ಹೊರಡಿಸುತ್ತವೆ. ಅದರ ಮೇಲೆ ನಡೆದರೆ ಸಕ್ಕರೆ ಇನ್ನಷ್ಟು ಇಳಿಯುತ್ತದೆ. ಮಾತ್ರೆಯ ಚೀಟಿ ಹಿಡಿದು ನಾಳೆಯೇ ಅವರ ವೈದ್ಯರ ಹತ್ತಿರ ಹೋಗಿ. ತೂಕ ಇಳಿದಂತೆ ಮಾತ್ರೆಯ ಪ್ರಮಾಣವನ್ನೂ ಇಳಿಸಬೇಕಾಗಬಹುದು, ಅದನ್ನು ಅವರೇ ಹೇಳಬೇಕು, ನೀವಾಗಿ ನಿಲ್ಲಿಸಬೇಡಿ. ಅಲ್ಲಿಯವರೆಗೆ ಖಾಲಿ ಹೊಟ್ಟೆಯ ನಡಿಗೆ ಬೇಡ, ತಿಂಡಿ ತಿಂದು ಒಂದು ಗಂಟೆ ಬಿಟ್ಟು ಅರ್ಧ ಗಂಟೆ ನಡೆಯಲಿ.

ಜೇಬಿನಲ್ಲಿ ಮೂರು ಟೀ ಚಮಚ ಸಕ್ಕರೆಯ ಪೊಟ್ಟಣ ಸದಾ ಇರಲಿ. ನಡುಕ, ಬೆವರು ಕಂಡ ತಕ್ಷಣ ನಿಂತು ಅಷ್ಟನ್ನೂ ತಿಂದು ನೀರು ಕುಡಿಯಬೇಕು. ಹದಿನೈದು ನಿಮಿಷ ಬಿಟ್ಟು ಮನೆಯ ಯಂತ್ರದಲ್ಲಿ ನೋಡಿದಾಗ 70ಕ್ಕಿಂತ ಕೆಳಗಿದ್ದರೆ ಇನ್ನೊಮ್ಮೆ ಅಷ್ಟೇ ಸಕ್ಕರೆ, ಆಮೇಲೆ ಊಟ. ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ. ಜೊತೆಗೆ ನಡೆಯುವ ಗೆಳೆಯರಿಗೂ ಇದನ್ನು ಹೇಳಿಡಿ.